ಗೋಡೆಯಾಚೆಯ ಹೂಮಡಿಗಳು

ಆ ವರ್ಷದ ಮಳೆಗಾಲವಿಡೀ ನಮ್ಮ ಮನೆಯ ಹಿಂದಿನ ಕೋಣೆಯ ಬಾಗಿಲಡಿಯಿಂದ ಬಿಳಿ ಬೆಳಕಿನ ಪಟ್ಟಿಯೊಂದು ಹೊರಗೆ ಚಾಚಿಕೊಂಡಿರುತ್ತಿತ್ತು. ಬೆಳಗ್ಗೆ ಹಾಲು ಕಾಯಿಸಲು ಎದ್ದಾಗ ಅದು ಅಡುಗೆಮನೆಯ ಕೆಂಪು ನೆಲದ ಮೇಲೆ ಬಿದ್ದಿರುತ್ತಿತ್ತು. ಸಂಜೆ ಜಪಸರ ಹಿಡಿದು ಕೂತಾಗಲೂ ಅಲ್ಲೇ ಇರುತ್ತಿತ್ತು. ಮೋಡ ಕವಿದು ಮಧ್ಯಾಹ್ನವೇ ಮುಸ್ಸಂಜೆಯಾಗುತ್ತಿದ್ದ ಆ ದಿನಗಳಲ್ಲಿ ನಮ್ಮ ಮನೆಯೊಳಗೆ ಹಗಲೆಂಬುದು ಇದ್ದದ್ದು ಆ ಕೋಣೆಯೊಂದರಲ್ಲೇ. ಅದನ್ನು ಅಲ್ಲಿ ತಂದಿಟ್ಟವರು ನನ್ನ ಅತ್ತೆ ಸವೇರಮ್ಮ. ಹೂವಿನ ಮೇಲಿನ ಪ್ರೀತಿಯಿಂದ ಅವರು ಆ ಕೆಲಸಕ್ಕೆ ಇಳಿದರೆಂದು ಊರಿನವರು ಆಮೇಲೆ ಹೇಳಿಕೊಂಡು ತಿರುಗಿದರು. ಅದು ಸುಳ್ಳು. ಅವರು ಇಳಿದದ್ದು ಸಿಟ್ಟಿನಿಂದ. ಆ ಸಿಟ್ಟು ಹುಟ್ಟಿದ ಗಳಿಗೆಯಲ್ಲಿ ಅವರ ತಟ್ಟೆಗೆ ಸಾರು ಬಡಿಸುತ್ತಿದ್ದವಳು ನಾನೇ.

ಅತ್ತೆ ಚರ್ಚಿನ ಶಾಲೆಯಲ್ಲಿ ಚಿಕ್ಕಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ನಮ್ಮ ಕೇರಿಯ ಬಹುಪಾಲು ಗಂಡಸರು ಅವರಿಂದ ಕಿವಿ ಹಿಂಡಿಸಿಕೊಂಡೇ ದೊಡ್ಡವರಾಗಿದ್ದರು. ಮಾವ ಅರುಳಪ್ಪನವರು ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಮೂವರೇ: ಅತ್ತೆ, ಅವರ ಮಗ ವಿನ್ಸೆಂಟ್, ನಾನು. ವಿನ್ಸೆಂಟ್ ಆ ವರ್ಷ ಹೊಸದಾಗಿ ಚರ್ಚಿನ ಸಮಿತಿಗೆ ಸೇರಿದ್ದ. ಅವನಿಗೆ ಅದೊಂದು ಹೆಮ್ಮೆ. ಸಭೆ ಮುಗಿಸಿ ಬಂದ ಭಾನುವಾರಗಳಂದು ಊಟದ ಹೊತ್ತಿನಲ್ಲಿ ಅಲ್ಲಿ ನಡೆದದ್ದನ್ನೆಲ್ಲ ಬಿಡಿಸಿ ಹೇಳುತ್ತಿದ್ದ.

"ಈ ಸಲ ನವೆಂಬರಿನಲ್ಲಿ ಸತ್ತವರ ಹಬ್ಬ ಮುಗೀತಿದ್ದ ಹಾಗೇ ಕೆಲಸ ಶುರು," ಎಂದ ಆ ಭಾನುವಾರ. "ಗೋಡೆ ಒಡೆದು ಆಚೆಕಡೆ ಪಾಳು ಜಾಗಾನೆಲ್ಲ ಸಮ ಮಾಡಿಸ್ತಾರೆ. ಕಾರು, ಬೈಕು ಎಲ್ಲ ಅಲ್ಲೇ ನಿಲ್ಲಿಸಬಹುದು."

"ಯಾವ ಪಾಳು ಜಾಗ?" ಎಂದರು ಅತ್ತೆ.

"ಅದೇ ಅಮ್ಮ, ಸಮಾಧಿಗಳ ಹಿಂದೆ ಗೋಡೆ ಆಚೆ, ಬೇವಿನ ಮರ ಇದೆಯಲ್ಲ. ಒಣಗಿದ ಹಾರ ಎಲ್ಲ ಎಸೀತಾರಲ್ಲ, ಅಲ್ಲಿ."

"ಯಾರು ತೀರ್ಮಾನ ಮಾಡಿದ್ದು?"

"ಸಮಿತಿ. ಎಲ್ಲರೂ ಒಪ್ಪಿದರು."

"ನೀನು?"

"ನಾನೂ ಕೈ ಎತ್ತಿದೆ. ಯಾಕೆ?"

ಅತ್ತೆ ಕಲಸಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. "ಯಾವ ಕೈ?" ಎಂದರು.

"ಏನಮ್ಮ?"

"ಯಾವ ಕೈ ಎತ್ತಿದೆ ಅಂತ ಕೇಳಿದೆ."

ವಿನ್ಸೆಂಟ್ ನಕ್ಕು, ಅನ್ನ ಮೆತ್ತಿದ್ದ ಬಲಗೈಯನ್ನು ಶಾಲೆಯ ಮಕ್ಕಳಂತೆ ಮೇಲಕ್ಕೆತ್ತಿ ತೋರಿಸಿದ. ಅತ್ತೆ ಆ ಕೈಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಕೈ ತೊಳೆದು ಒಳಗೆ ಹೋದರು. ಅವರ ತಟ್ಟೆಯ ಸಾರು ಹಾಗೇ ಆರಿತು. "ಇವರಿಗೇನಾಯಿತು?" ಎಂದು ಅವನು ನನ್ನ ಮುಖ ನೋಡಿದ. ನನಗೂ ತಿಳಿದಿರಲಿಲ್ಲ. ನಾನು ಬೇರೆ ಊರಿನಿಂದ ಬಂದವಳು. ಆ ಗೋಡೆಯಾಚೆ ಮುಳ್ಳುಪೊದೆ, ಕೊಳೆತ ಹಾರ, ಮುರಿದ ಮೇಣದಬತ್ತಿ ಬಿಟ್ಟರೆ ಬೇರೇನನ್ನೂ ಕಂಡವಳಲ್ಲ. ಒಂದನ್ನು ಮಾತ್ರ ಗಮನಿಸಿದ್ದೆ. ಪ್ರತಿ ವರ್ಷ ಸತ್ತವರ ಹಬ್ಬದ ದಿನ ಮಾವನವರ ಸಮಾಧಿಗೆ ಹೂವಿಟ್ಟು, ಚರ್ಚಿನ ಸ್ವಾಮಿಯವರು ಮಂತ್ರಿಸಿದ ನೀರು ಚಿಮುಕಿಸಿ ಮುಂದೆ ಹೋದಮೇಲೆ, ಅತ್ತೆ "ನೀವು ನಡೀರಿ, ನಾನು ಬಂದೆ" ಎಂದು ಹಿಂದೆ ಉಳಿಯುತ್ತಿದ್ದರು. ಬರುವಾಗ ಅವರ ಸೀರೆಯಂಚಿಗೆ ಮುಳ್ಳುಕಾಯಿ ಅಂಟಿಕೊಂಡಿರುತ್ತಿತ್ತು.

ಮಾರನೆಯ ದಿನವೇ ಅವರು ಸಮಿತಿಯ ಅಧ್ಯಕ್ಷರ ಮನೆಗೆ ಹೊರಟರು. ಮಳೆ ಬಿಟ್ಟಿರಲಿಲ್ಲವೆಂದು ಕೊಡೆ ಹಿಡಿದು ನಾನೂ ಜೊತೆಗೆ ಹೋದೆ. ಅಧ್ಯಕ್ಷ ಲೂರ್ದುಸ್ವಾಮಿಯವರು ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವರು. ದನಿ ಎತ್ತರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ನಮ್ಮನ್ನು ಕೂರಿಸಿ, ಕಾಫಿ ತರಿಸಿ, "ಹೇಳಿ ಟೀಚರ್" ಎಂದರು.

"ಗೋಡೆ ಆಚೆ ಜಾಗ ಮುಟ್ಟಬೇಡಿ," ಎಂದರು ಅತ್ತೆ. "ಅಲ್ಲಿ ಮಕ್ಕಳಿದ್ದಾರೆ."

ಲೂರ್ದುಸ್ವಾಮಿಯವರಿಗೆ ತಟ್ಟನೆ ಅರ್ಥವಾಯಿತು. ನನಗೆ ಆಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸುತ್ತ, "ಅದು ಹಳೇ ಕಾಲದ ಕತೆ ಟೀಚರ್. ಈಗ ರಸ್ತೇಲಿ ಗಾಡಿ ನಿಲ್ಲಿಸಿ ನಿಲ್ಲಿಸಿ ಏನಾಗಿದೆ ನೋಡಿ. ಹೋದ ಕ್ರಿಸ್ಮಸ್ಸಿಗೆ ಪೂಜೆ ಬಿಟ್ಟಾಗ ಒಂದು ಹುಡುಗಿ ಲಾರಿ ಅಡಿ ಹೋಗೋದು ಕೂದಲೆಳೇಲಿ ತಪ್ಪಿತು. ಬದುಕಿರೋ ಮಕ್ಕಳ ಬಗ್ಗೆ ಯೋಚನೆ ಮಾಡಬೇಕಾ, ಬೇಡವಾ?"

"ಬದುಕಿರೋರಿಗೆ ಜಾಗ ಬೇಕಾದರೆ ಶಾಲೆ ಮೈದಾನ ಇದೆ. ಭಾನುವಾರ ಬೀಗ ಹಾಕಿಕೊಂಡು ಬಿದ್ದಿರುತ್ತೆ."

"ಮೈದಾನಕ್ಕೆ ಹೊಸದಾಗಿ ಹುಲ್ಲು ಹಾಕಿಸಿದ್ದೀವಿ. ಅದು ಹಾಳಾಗತ್ತೆ." ಅವರು ಮುಗುಳ್ನಕ್ಕರು. "ಅಲ್ಲ ಟೀಚರ್, ಆ ಜಾಗದಲ್ಲಿ ಸಮಾಧಿ ಅಂತ ಏನಿದೆ ಹೇಳಿ? ಒಂದು ಕಲ್ಲಿಲ್ಲ. ಒಂದು ಶಿಲುಬೆ ಇಲ್ಲ. ಚರ್ಚಿನ ದಾಖಲೆಯಲ್ಲಿ ಒಂದು ಹೆಸರಿಲ್ಲ."

"ಇಡೋಕೆ ಬಿಟ್ಟಿದ್ದರಾ?"

"ಆಗಿನ ನಿಯಮ ಅದು. ಜ್ಞಾನಸ್ನಾನ ಆಗಿ ಚರ್ಚಿಗೆ ಸೇರದ ಕೂಸನ್ನ ಒಳಗೆ ಹೂಳೋ ಹಾಗಿರಲಿಲ್ಲ. ನಾನು ಮಾಡಿದ್ದಾ?"

"ಉಸಿರಾಡೋಕೇ ಪುರುಸೊತ್ತು ಸಿಗದ ಕೂಸಿಗೆ ಸ್ನಾನಕ್ಕೆ ಎಲ್ಲಿಂದ ಪುರುಸೊತ್ತು ಬರಬೇಕಿತ್ತು ಸ್ವಾಮಿ?" ಅತ್ತೆಯ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಗೋಡೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಆಯಿತು. ಆಚೆ ಮಲಗಿಸಿದೆವು. ಈಗ ಆಚೇನೂ ಬೇಕು ಅಂತೀರಲ್ಲ. ಎಷ್ಟು ದೂರ ಓಡಿಸ್ತೀರಿ ಅವರನ್ನ?"

ಲೂರ್ದುಸ್ವಾಮಿಯವರು "ನಿಮ್ಮವರು ಯಾರಾದರೂ ಇದ್ದಾರಾ ಅಲ್ಲಿ?" ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಕೇಡೇನೂ ಇರಲಿಲ್ಲ. ಆದರೆ ಅತ್ತೆ ಕಾಫಿಯನ್ನು ಮುಟ್ಟದೆ ಎದ್ದು ನಿಂತು, "ಅಲ್ಲೇನೂ ಕಾಣಲ್ಲ ಅಂದಿರಲ್ಲ, ಕಾಣೋ ಹಾಗೆ ಮಾಡ್ತೀನಿ," ಎಂದರು.

ಅಲ್ಲಿಂದ ನೇರ ಚರ್ಚಿನ ಸ್ವಾಮಿಯವರ ಬಳಿಗೆ ಹೋದೆವು. ಹೊಸದಾಗಿ ಬಂದಿದ್ದ ಎಳೆಯ ವಯಸ್ಸಿನ ಗುರುಗಳು ಅವರು. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ನನಗೆ ನೋವಾಗುತ್ತೆ ಅಮ್ಮ. ಆದರೆ ಸಮಿತಿಯ ತೀರ್ಮಾನ..." ಎಂದು ಕೈ ಚೆಲ್ಲಿದರು. ಮನೆ ಸೇರಿ ಅತ್ತೆ ಕೊಡೆ ಮಡಿಸುತ್ತ, "ನೋವಂತೆ, ನೋವು," ಎಂದು ಬಾಗಿಲಿಗೆ ಹೇಳಿದರು.

ಗೋಡೆಯಾಚೆ ಮಕ್ಕಳು ಮಲಗಿದ್ದ ಕಡೆಯೆಲ್ಲ ಹೂಮಡಿ ಮಾಡುವುದೆಂದು ಅತ್ತೆ ನಿರ್ಧರಿಸಿದ್ದರು. ಹಬ್ಬಕ್ಕೆ ಹೂವು ಅರಳಿರಬೇಕಾದರೆ ಬೀಜವನ್ನು ಆಗಲೇ, ಆ ಮಳೆಯಲ್ಲೇ ಹಾಕಬೇಕಿತ್ತು. ಬಯಲಿನಲ್ಲಿ ಹಾಕಿದರೆ ಜಡಿಮಳೆ ಕೊಚ್ಚಿಕೊಂಡು ಹೋಗುತ್ತದೆ, ಉಳಿದದ್ದನ್ನು ಬಸವನಹುಳು ಮೇಯುತ್ತದೆ. ನರ್ಸರಿಯವನು ಚಳಿಗಾಲದ ಹೂವಿನ ಸಸಿ ಬರುವುದು ಹಬ್ಬ ಕಳೆದ ಮೇಲೆಯೇ ಎಂದುಬಿಟ್ಟ. ನಮ್ಮ ಹಿತ್ತಿಲಿನ ಎರಡೂ ಪಕ್ಕ ಮಹಡಿಗಳೆದ್ದು ಬಿಸಿಲೆಂಬುದು ಭಿಕ್ಷೆಯ ಹಾಗೆ ಬೀಳುತ್ತಿತ್ತು. ಆದ್ದರಿಂದ ಅತ್ತೆ ಹಿಂದಿನ ಕೋಣೆಯಿಂದ ಅಕ್ಕಿಮೂಟೆಗಳನ್ನು ಸರಿಸಿ, ಹಳೆಯ ಪುಸ್ತಕಗಳಿದ್ದ ಕಬ್ಬಿಣದ ರ್‍ಯಾಕನ್ನು ಖಾಲಿ ಮಾಡಿ, ದೀಪದ ಅಂಗಡಿಗೆ ಹೋದರು.

ಅಂಗಡಿಯವನೂ ಅವರ ಹಳೆಯ ವಿದ್ಯಾರ್ಥಿಯೇ. ಗಿಡಕ್ಕೆಂದರೆ ಇದೇ ಬೇಕು ಎಂದು ನೇರಳೆ ಬಣ್ಣದ ಬೆಳಕು ಕಾರುವ ಒಂದು ದುಬಾರಿ ಪೆಟ್ಟಿಗೆಯನ್ನು ಹಚ್ಚಿ ತೋರಿಸಿದ. ಆ ಬೆಳಕಿನಲ್ಲಿ ಅವನ ಮುಖ ಹೆಣದಂತೆ ಕಂಡಿತು.

"ಇದರಡಿ ನಾನು ಕೂತು ಓದಬಹುದೇನೋ?" ಎಂದರು ಅತ್ತೆ.

"ಕಣ್ಣು ನೋಯತ್ತೆ ಟೀಚರ್."

"ಹಾಗಾದರೆ ಬೇಡ. ಅಡುಗೆಮನೆಗೆ ಹಾಕ್ತಾರಲ್ಲ, ಬಿಳೀ ಎಲ್‌ಇಡಿ ಟ್ಯೂಬು, ಅಗ್ಗದ್ದು, ಅದು ಕೊಡು. ಬೆಳಕು ಬೆಳಕೇ."

ರ್‍ಯಾಕಿನ ಪ್ರತಿ ಹಲಗೆಯ ಅಡಿಗೂ ಜೋಡಿ ಜೋಡಿ ಟ್ಯೂಬು ಬಂತು. ತೆಂಗಿನ ನಾರಿನ ಪುಡಿಗೆ ಗೊಬ್ಬರ ಬೆರೆಸಿ ಸಸಿ ಟ್ರೇಗಳಿಗೆ ತುಂಬಿ ಮೊದಲ ಬೀಜ ಹಾಕಿದರು: ಚೆಂಡುಹೂವು, ಆಸ್ಟರ್, ಫ್ಲಾಕ್ಸ್. ಮೊಳಕೆಯೇನೋ ಬೇಗ ಬಂತು. ಆದರೆ ಬಂದದ್ದು ಬಿಳಿಚಿಕೊಂಡು, ನೂಲಿನ ಹಾಗೆ ಉದ್ದುದ್ದ ಎಳೆದುಕೊಂಡು, ತಲೆಯ ಭಾರ ತಾಳಲಾರದೆ ಒಂದೊಂದಾಗಿ ಮಲಗಿತು. ಇಡೀ ಟ್ರೇ ಸತ್ತು ಬಿದ್ದಿದ್ದನ್ನು ಕಂಡ ಬೆಳಗ್ಗೆ ಅತ್ತೆಗೆ ಬಂದ ಸಿಟ್ಟನ್ನು ಹೇಳತೀರದು. ಬೀಜದ ಕಂಪನಿಯನ್ನು ಬೈದರು, ಮಳೆಯನ್ನು ಬೈದರು, ನನ್ನನ್ನೂ ಬೈದರು. ಸಂಜೆಯ ಹೊತ್ತಿಗೆ ಸಮಾಧಾನವಾಗಿ, "ದೀಪ ಮನುಷ್ಯರಿಗೆ ಹಾಕೋ ಎತ್ತರಕ್ಕೆ ಹಾಕಿದ್ದೀನಿ ನೋಡು. ಪಾಪ, ಎಟುಕಿಸಿಕೊಳ್ಳೋಕೆ ಹೋಗಿ ಸತ್ತವು," ಎಂದರು. ಟ್ಯೂಬುಗಳಿಗೆ ಸರಪಳಿ ಕಟ್ಟಿ, ಎಳೆಯ ಎಲೆಗಳಿಂದ ನಾಲ್ಕೇ ಬೆರಳು ಮೇಲೆ ಬರುವಂತೆ ಇಳಿಸಿದರು. ಸಸಿ ಬೆಳೆದಷ್ಟೂ ಸರಪಳಿಯನ್ನು ಒಂದೊಂದು ಕೊಂಡಿ ಮೇಲೇರಿಸುವುದು. ಕಾಂಡ ಗಟ್ಟಿಯಾಗಲೆಂದು ಮೂಲೆಯಲ್ಲಿ ಚಿಕ್ಕ ಫ್ಯಾನು. ನಾವು ಮಲಗುವ ಹೊತ್ತಿಗೆ ದೀಪ ಆರಿಸುತ್ತಿದ್ದರು: "ಅವಕ್ಕೂ ನಿದ್ದೆ ಬೇಕು." ಎರಡನೆಯ ಸಲ ಬಂದ ಸಸಿಗಳು ಕುಳ್ಳಗೆ, ದಪ್ಪಗೆ, ಕಡುಹಸಿರಾಗಿ ನಿಂತವು.

ಪೆಟೂನಿಯದ ಬೀಜ ಬಂದ ದಿನ ನೆನಪಿದೆ. ಅದು ಧೂಳಿನಷ್ಟು ಸಣ್ಣದು. ನಾನು ಉದುರಿಸಿ, ಎಂದಿನಂತೆ ಮೇಲೆ ಒಂದು ಚಿಟಿಕೆ ಮಣ್ಣು ಹಾಕಲು ಹೋದೆ.

"ಹಾಕಬೇಡ!" ಎಂದು ಅತ್ತೆ ನನ್ನ ಕೈ ಹಿಡಿದರು. "ಇವನ್ನ ಮುಚ್ಚಬಾರದು. ಬೆಳಕು ಕಂಡರೇ ಇವು ಮೊಳೆಯೋದು. ಮಣ್ಣು ಮುಚ್ಚಿದರೆ ಇದ್ದವು ಅಂತಲೂ ಯಾರಿಗೂ ಗೊತ್ತಾಗಲ್ಲ."

ಹೇಳಿ, ಹಿಡಿದ ಕೈಯನ್ನು ಬಿಡುವುದನ್ನೇ ಮರೆತು ಹಾಗೇ ನಿಂತಿದ್ದರು.

ವಿನ್ಸೆಂಟ್ ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಬಾಗಿಲಡಿಯ ಬೆಳಕನ್ನು ದಾಟಿ ಕಾಲಿಡುತ್ತಿದ್ದ, ಅದೇನೋ ನೀರಿನ ಹರಿವು ಎಂಬಂತೆ. ತಾಯಿ ಮಗ ಬೇಕಾದಷ್ಟೇ ಮಾತಾಡುತ್ತಿದ್ದರು. "ಅಮ್ಮ ಯಾರದೋ ಮಕ್ಕಳಿಗಾಗಿ ನನ್ನ ಮರ್ಯಾದೆ ತೆಗೀತಿದ್ದಾರೆ," ಎಂದು ನನ್ನೊಂದಿಗೆ ಗೊಣಗುತ್ತಿದ್ದ. ನನಗೆ ಅಷ್ಟು ಹೊತ್ತಿಗೆ ಏನೋ ಹೊಳೆಯತೊಡಗಿತ್ತು. ಆದರೆ ಹೇಳಬೇಕಾದವರು ಹೇಳದಿರುವಾಗ ನಾನು ಹೇಗೆ ಹೇಳಲಿ?

ಆಮೇಲೆ ಹೆಂಗಸರು ಬರತೊಡಗಿದರು. ಯಾರು ಯಾರಿಗೆ ಸುದ್ದಿ ಮುಟ್ಟಿಸಿದರೋ ತಿಳಿಯದು. "ಟೀಚರ್ ಮನೇಲಿ ದೀಪದಡಿ ಹೂವಿನ ಸಸಿ ಮಾಡಿದ್ದಾರಂತೆ, ನೋಡೋಣ ಅಂತ ಬಂದೆ" ಎಂದು ಒಬ್ಬರಾದಮೇಲೆ ಒಬ್ಬರು. ನಡುವಯಸ್ಸು ದಾಟಿದವರು, ಮೊಮ್ಮಕ್ಕಳಿದ್ದವರು. ಬಿಳಿ ಬೆಳಕಿನ ಮುಂದೆ ನಿಂತು ಸಸಿಗಳನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಾದಮೇಲೆ, ನೋಟ ಕದಲಿಸದೆ, ಸಂತೆಯ ಸುದ್ದಿ ಹೇಳಿದಷ್ಟು ಸಲೀಸಾಗಿ, "ಬೇವಿನ ಬೇರು ಎದ್ದಿದೆಯಲ್ಲ, ಅದರ ಪಕ್ಕ ನಂದು," ಎನ್ನುತ್ತಿದ್ದರು. "ಗೋಡೆಗೆ ಒತ್ತಿಕೊಂಡು ಒಂದು ಹಂಚಿನ ಚೂರು ನೆಟ್ಟಿದ್ದೆ. ಈಗ ಇದೆಯೋ ಇಲ್ಲವೋ." ಅತ್ತೆ ತಲೆಯಾಡಿಸಿ, "ನಿನಗೆ ಯಾವ ಬಣ್ಣ ಬೇಕು?" ಎಂದು ಮಾತ್ರ ಕೇಳುತ್ತಿದ್ದರು. ಗುಲಾಬಿ ಎಂದವರಿದ್ದರು, ಬಿಳಿ ಎಂದವರಿದ್ದರು. ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡು, "ನನ್ನನ್ನ ಯಾರೂ ಈ ಮಾತು ಕೇಳಿರಲಿಲ್ಲ ಟೀಚರ್," ಎಂದಳು.

ಕೊನೆಗೆ ಬಂದವರು ಇನ್ನಾಸಮ್ಮ. ಎಲ್ಲರಿಗಿಂತ ಹಿರಿಯರು, ಕಣ್ಣು ಮಂಜಾಗಿತ್ತು. ಮೊಮ್ಮಗಳ ಭುಜ ಹಿಡಿದು ಬಂದು, ಅವಳನ್ನು ಜಗಲಿಯಲ್ಲೇ ಕೂರಿಸಿ, ಗೋಡೆ ತಡವುತ್ತ ಒಳಗೆ ಬಂದರು. ಸಸಿಗಳು ಅವರಿಗೆ ಕಾಣಿಸಲಿಲ್ಲ. ಅಂಗೈಯನ್ನು ಅವುಗಳ ನೆತ್ತಿಯ ಮೇಲೆ ಮೆಲ್ಲಗೆ ಆಡಿಸಿದರು.

"ನಂದು ಎಲ್ಲಿ ಅಂತ ನಂಗೊತ್ತಿಲ್ಲ ಕಣವ್ವ ಸವೇರಿ. ನಮ್ಮತ್ತೆ ಗೋಣೀಲಿ ಸುತ್ತಿ ಎತ್ಕೊಂಡೋದ್ರು. ನಾನು ಮಂಚದಿಂದ ಕೂಗ್ದೆ, ಒಂದ್ಸಲ ತೋರ್ಸಿ ಅಂತ. 'ನೋಡಿದ್ರೆ ಮರೆಯಾಕಾಗಲ್ಲ, ಸುಮ್ನಿರು' ಅಂದ್ರು. ನೋಡ್ದೆ ಇದ್ರೂ ಮರೆಯಾಕಾಗ್ಲಿಲ್ಲ."

ಅತ್ತೆಯ ಮುಖ ಕೆಂಪಾಯಿತು. ಇನ್ನಾಸಮ್ಮನ ಆ ಅತ್ತೆ ಸತ್ತು ಎಷ್ಟು ಕಾಲವಾಗಿತ್ತೋ. ಎದುರಿಗಿದ್ದಿದ್ದರೆ ಸವೇರಮ್ಮ ಕೈ ಮಾಡುತ್ತಿದ್ದರೇನೋ. "ಮರದ ಬಲಗಡೆ ಒಂದು ಮಡಿ ನಿನಗೆ," ಎಂದರು. "ಅಲ್ಲಿ ಯಾರೂ ಹೇಳಿಕೊಂಡಿಲ್ಲ. ಅದು ನಿಂದೇ."

ಮಳೆ ತೆಳುವಾಗುತ್ತಲೇ ಟ್ರೇಗಳನ್ನು ಮೊದಲು ಜಗಲಿಯ ನೆರಳಿಗೆ, ಆಮೇಲೆ ಬೆಳಗಿನ ಎಳೆಬಿಸಿಲಿಗೆ ತಂದಿಟ್ಟು ಸಸಿಗಳನ್ನು ಹೊರಗಿನ ಗಾಳಿಗೆ ಒಗ್ಗಿಸಿದೆವು. ನಂತರ ಒಂದು ದಿನ ಬೆಳಗಿನ ಪೂಜೆ ಮುಗಿಯುತ್ತಲೇ ಹೆಂಗಸರೆಲ್ಲ ಕುಡುಗೋಲು, ಗುದ್ದಲಿ ಹಿಡಿದು ಚರ್ಚಿನ ಅಂಗಳ ದಾಟಿ ಸಮಾಧಿಗಳ ನಡುವಿಂದ, ಕುಸಿದಿದ್ದ ಗೋಡೆಯ ಒಡಕು ದಾಟಿ ಆಚೆಗೆ ನಡೆದರು. ಮುಳ್ಳು ಕಡಿದರು, ಕೊಳೆತ ಹಾರಗಳನ್ನು ಗುಡ್ಡೆ ಹಾಕಿ ಸುಟ್ಟರು. ಕೆಲವು ಕಡೆ ಬೊಗಸೆಯಗಲದ ಕಲ್ಲುಗಳ ಸಾಲು ಸಿಕ್ಕಿತು, ಒಂದೆಡೆ ಆ ಹಂಚಿನ ಚೂರೂ ಸಿಕ್ಕಿತು. ಅತ್ತೆ ಒಂದೊಂದು ಜಾಗಕ್ಕೂ ದಾರ ಹಿಡಿದು ಪುಟ್ಟ ಪುಟ್ಟ ಮಡಿ ಗುರುತು ಮಾಡಿಸಿದರು. ಒಂದು ತೊಟ್ಟಿಲಿಗಿಂತ ಯಾವುದೂ ದೊಡ್ಡದಿರಲಿಲ್ಲ.

ಸುದ್ದಿ ಲೂರ್ದುಸ್ವಾಮಿಯವರಿಗೆ ಮುಟ್ಟದಿರುತ್ತದೆಯೇ? ಅವರು ವಿನ್ಸೆಂಟನಿಗೆ ಫೋನು ಮಾಡಿ, "ನಿಮ್ಮ ತಾಯಿಯವರನ್ನ ನೀವೇ ಕರಕೊಂಡು ಹೋದರೆ ಚೆನ್ನ. ನಾನು ಬಂದರೆ ಅವರಿಗೆ ಅವಮಾನ ಆಗತ್ತೆ," ಎಂದರಂತೆ. ವಿನ್ಸೆಂಟ್ ಕೆಲಸದಿಂದ ಹಾಗೇ ಧಾವಿಸಿ ಬಂದ. ಬೂಟು ಕೂಡ ಬಿಚ್ಚದೆ ಗೋಡೆಯ ಒಡಕಿನಿಂದ ದಾಟಿ, ಅಗೆದ ನೆಲದ ನಡುವೆ ಬಂದು ನಿಂತ.

"ಸಾಕು ನಿಲ್ಲಿಸಮ್ಮ! ಊರವರ ಮುಂದೆ ನಾನು ತಲೆ ಎತ್ತಿಕೊಂಡು ಓಡಾಡಬೇಕೋ ಬೇಡವೋ? ಯಾರದೋ ಮಕ್ಕಳಿಗಾಗಿ..."

ಅತ್ತೆ ಮೊಣಕಾಲೂರಿ ಸಸಿ ನೆಡುತ್ತಿದ್ದರು. ತಲೆಯೆತ್ತಿ ಅವನ ಮುಖವನ್ನಲ್ಲ, ಕಾಲನ್ನು ನೋಡಿದರು.

"ಬೂಟು ಬಿಚ್ಚು, ವಿನ್ಸೆಂಟ್," ಎಂದರು. "ನಿನ್ನ ಅಕ್ಕನ ಮೇಲೆ ನಿಂತಿದ್ದೀಯ."

ಗುದ್ದಲಿಗಳ ಸದ್ದು ನಿಂತಿತು. ವಿನ್ಸೆಂಟ್ ಕೆಳಗೆ ನೋಡಿದ. ಕಾಲೆತ್ತಲು ಹೋದವನಿಗೆ ಎಲ್ಲಿಡಬೇಕೆಂದು ತೋಚಲಿಲ್ಲ; ಎಲ್ಲ ಕಡೆಯೂ ಮಡಿಗಳೇ. ಒಂಟಿಕಾಲಿನಲ್ಲಿ ತತ್ತರಿಸಿದ ಅವನನ್ನು ನಾನು ಹೋಗಿ ಹಿಡಿದುಕೊಂಡೆ. ಬೂಟು ಬಿಚ್ಚಿ ಎದೆಗೆ ಅವುಚಿಕೊಂಡು ಬರಿಗಾಲಿನಲ್ಲಿ ನಿಂತು, "ಯಾಕೆ ಹೇಳಲಿಲ್ಲ?" ಎಂದ.

"ಹೇಳಬಾರದು ಅಂದರು. ಹೇಳಿದರೆ ಮುಂದಿನ ಮಗುವಿಗೆ ಒಳ್ಳೆಯದಲ್ಲ ಅಂದರು. ಮುಂದಿನ ಮಗು ನೀನು. ನೀನು ಚೆನ್ನಾಗಿರಲಿ ಅಂತ ಬಾಯಿ ಹೊಲಿದುಕೊಂಡೆ." ಅತ್ತೆ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡರು. "ನೀನು ಚೆನ್ನಾಗೇ ಬೆಳೆದೆ. ಬೆಳೆದು ಕೈ ಎತ್ತಿದೆ."

ಆ ಕೊನೆಯ ಮಾತು ಕ್ರೂರವಾಗಿತ್ತೆಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅವನಿಗೇನು ತಿಳಿದಿತ್ತು? ಆದರೆ ಅತ್ತೆ ಅದನ್ನು ಹಿಂತೆಗೆದುಕೊಳ್ಳಲಿಲ್ಲ, ಅವನೂ ವಾದಿಸಲಿಲ್ಲ. ಬೂಟನ್ನು ಗೋಡೆಯ ಮೇಲಿಟ್ಟು ಬಂದು, ಅತ್ತೆಯ ಪಕ್ಕ ಕೂತು, ಟ್ರೇಯಿಂದ ಒಂದು ಸಸಿಯನ್ನು ಬೇರಿನ ಮಣ್ಣು ಉದುರದಂತೆ ಬಿಡಿಸಲು ತಿಣುಕಿದ. "ಅಡಿಯಿಂದ ಒತ್ತು," ಎಂದರು ಅತ್ತೆ. ಅವನು ಅಡಿಯಿಂದ ಒತ್ತಿದ.

ಮುಂದಿನ ಸಭೆಯಲ್ಲಿ ಅವನು ಎದ್ದುನಿಂತು ತನ್ನ ಒಪ್ಪಿಗೆಯನ್ನು ವಾಪಸು ಪಡೆದ. ಅವನೊಬ್ಬನಿಂದ ಏನೂ ಆಗುತ್ತಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಗೋಡೆಯಾಚೆ ಮೊಗ್ಗು ಬಿರಿಯತೊಡಗಿತ್ತು. ಭಾನುವಾರ ಪೂಜೆ ಮುಗಿಸಿದ ಜನ ಗೋಡೆಯ ಬಳಿ ಬಂದು ನೋಡುತ್ತಿದ್ದರು: ಸಾಲು ಸಾಲು ತೊಟ್ಟಿಲಗಲದ ಹೂಮಡಿಗಳು, ಒಂದು ಗುಲಾಬಿ, ಒಂದು ಬಿಳಿ, ಒಂದು ಹಳದಿ. ಅವೇನೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಸಮಿತಿಯ ಒಬ್ಬೊಬ್ಬ ಗಂಡಸೂ ಮನೆಗೆ ಹೋಗಿ ಹೆಂಡತಿಯ ಮುಖ, ತಾಯಿಯ ಮುಖ ನೋಡಿರಬೇಕು. ನೆಲ ಸಮ ಮಾಡಲು ಯಂತ್ರ ತರಿಸುವ ಮಾತು ತಾನಾಗಿಯೇ ನಿಂತುಹೋಯಿತು. ಮೈದಾನದ ಬೀಗ ಭಾನುವಾರವೂ ತೆಗೆಯುವುದೆಂದಾಯಿತು. ಹುಲ್ಲೇನೂ ಸಾಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅತ್ತೆಯ ಸಿಟ್ಟು ಇಳಿಯುತ್ತಿತ್ತೇನೋ. ಹಬ್ಬ ಹತ್ತಿರವಾದಾಗ ಒಂದು ಸಂಜೆ ಲೂರ್ದುಸ್ವಾಮಿಯವರು ತಾವೇ ನಮ್ಮ ಮನೆಗೆ ಬಂದರು. ಹಿಂದೆ ಇಬ್ಬರು ಆಳುಗಳು ಕಾಗದ ಸುತ್ತಿದ ಒಂದು ಗ್ರಾನೈಟ್ ಕಲ್ಲನ್ನು ಹೊತ್ತುತಂದು ಜಗಲಿಗೆ ಒರಗಿಸಿದರು. ಅಧ್ಯಕ್ಷರ ಮುಖದಲ್ಲಿ ನಿಜವಾದ ಸಂತೋಷವಿತ್ತು.

"ಟೀಚರ್, ನಾನು ಹಟಮಾರಿ ಅಲ್ಲ. ತಪ್ಪಾಗಿದ್ದರೆ ಸರಿ ಮಾಡೋಣ. ಇದು ನನ್ನ ಕಡೆಯಿಂದ," ಎಂದು ತಾವೇ ಕಾಗದ ಬಿಚ್ಚಿದರು.

ಅತ್ತೆ ಕನ್ನಡಕ ಹಾಕಿಕೊಂಡು, ಮಕ್ಕಳ ಕಾಪಿ ತಿದ್ದುವವರಂತೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: "ಹೆಸರಿಲ್ಲದ ಕಂದಮ್ಮಗಳ ನೆನಪಿಗೆ." ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಲೂರ್ದುಸ್ವಾಮಿಯವರ ಹೆಸರಿತ್ತು, ಅದರ ಮುಂದೆ ಅವರ ಪದವಿಗಳಿದ್ದವು.

"ಹೆಸರಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ದಾಖಲೆಯಲ್ಲಿ ಎಲ್ಲೂ..."

"ನಿಮ್ಮ ದಾಖಲೆ ಹೆತ್ತಿತ್ತಾ?"

ಅತ್ತೆ ಕಲ್ಲಿನ ಮೇಲಿಂದ ಬೆರಳೆತ್ತಿದರು.

"ಹೊಟ್ಟೇಲಿದ್ದಾಗಲೇ ಹೆಸರಿಟ್ಟು ಕರೀತಿದ್ದೆ ನಾನು. ನನ್ನ ಹಾಗೇ ಎಷ್ಟು ಜನ! ಹೆಸರಿಲ್ಲದೇ ಹೋದದ್ದು ನಿಮ್ಮ ಪುಸ್ತಕದಲ್ಲಿ. ಅದನ್ನ ಕಲ್ಲಲ್ಲಿ ಬೇರೆ ಕೆತ್ತಿಸಿ ತಂದಿದ್ದೀರಲ್ಲ, ನಿಮ್ಮ ಹೆಸರು ಮಾತ್ರ ಇಷ್ಟು ದೊಡ್ಡದಾಗಿ! ಎತ್ತಿಕೊಂಡು ಹೋಗಿ."

"ನಿಮ್ಮ ಜೊತೆ ಆಗಲ್ಲ ಟೀಚರ್. ನಿಮಗೆ ಎಷ್ಟು ಮಾಡಿದರೂ ಸಾಲದು."

"ಇಷ್ಟು ವರ್ಷ ಸಾಕು ಸಾಕು ಅಂದುಕೊಂಡೇ ಇದ್ದೆವಲ್ಲ," ಎಂದರು ಅತ್ತೆ.

ಕಲ್ಲು ಬಂದ ದಾರಿಯಲ್ಲೇ ಹೋಯಿತು.

ಹಬ್ಬದ ದಿನ ಆಕಾಶ ತೊಳೆದಂತಿತ್ತು. ಸುಣ್ಣ ಬಳಿದ ಸಮಾಧಿಗಳ ಮೇಲೆಲ್ಲ ಹೂವು, ಮೇಣದಬತ್ತಿ. ನಮ್ಮಲ್ಲಿನ ವಾಡಿಕೆಯೆಂದರೆ ಸ್ವಾಮಿಯವರು ಒಂದೊಂದು ಸಮಾಧಿಯ ಮುಂದೆಯೂ ನಿಂತು "ಹೆಸರು?" ಎಂದು ಕೇಳುತ್ತಾರೆ, ಮನೆಯವರು ಹೇಳುತ್ತಾರೆ, ಅವರು ಆ ಹೆಸರು ಹಿಡಿದು ಪ್ರಾರ್ಥಿಸಿ ಮಂತ್ರಿಸಿದ ನೀರು ಚಿಮುಕಿಸುತ್ತಾರೆ. ಮಾವನವರ ಸಮಾಧಿಯಾಯಿತು. ಕೊನೆಯ ಸಾಲೂ ಆಯಿತು. ಸ್ವಾಮಿಯವರು ಎಂದಿನಂತೆ ಹಿಂತಿರುಗಬೇಕಿತ್ತು. ಗೋಡೆಯ ಒಡಕಿನ ಬಳಿ ಅತ್ತೆ ನಿಂತಿದ್ದರು. ಅವರ ಹಿಂದೆ, ತಮ್ಮ ತಮ್ಮ ಹೂಮಡಿಗಳ ಪಕ್ಕ, ಆ ಹೆಂಗಸರೆಲ್ಲ ನಿಂತಿದ್ದರು.

ಗುರುಗಳು ಒಂದು ಸಲ ಹಿಂದೆ ತಿರುಗಿ ಸಮಿತಿಯವರತ್ತ ನೋಡಿದರು. ಲೂರ್ದುಸ್ವಾಮಿಯವರು ದೂರದಲ್ಲಿ ಯಾರದೋ ಸಮಾಧಿಯ ಮೇಲಿನ ಬರಹವನ್ನು ಓದುವುದರಲ್ಲಿ ಮುಳುಗಿದ್ದರು. ಗುರುಗಳು ನಿಲುವಂಗಿಯನ್ನು ಎತ್ತಿಹಿಡಿದು ಒಡಕಿನ ಕಲ್ಲು ದಾಟಿ ಬಂದರು. ಬಂದವರೇ ಚಪ್ಪಲಿ ಕಳಚಿ ಬದಿಗಿಟ್ಟರು. ಮೊದಲ ಮಡಿಯಲ್ಲಿ ಬಿಳಿ ಪೆಟೂನಿಯ ಅಂಚು ಮೀರಿ ಚೆಲ್ಲಿಕೊಂಡಿತ್ತು.

"ಹೆಸರು?"

"ತೆರೇಸ," ಎಂದರು ಅತ್ತೆ. ಪಾಠ ಒಪ್ಪಿಸುವ ಮಗುವಿನಷ್ಟು ಗಟ್ಟಿಯಾಗಿ, ಗೋಡೆಯೊಳಗಿನವರಿಗೆಲ್ಲ ಕೇಳುವಂತೆ. "ಅರುಳಪ್ಪ, ಸವೇರಮ್ಮನ ಹಿರೀ ಮಗಳು. ಇವನ ಅಕ್ಕ."

ವಿನ್ಸೆಂಟ್ ಬಾಗಿ ಮೇಣದಬತ್ತಿ ಹಚ್ಚಿದ. ಗಾಳಿಗೆ ಆರಿತು; ಮತ್ತೆ ಹಚ್ಚಿ, ಅಂಗೈ ಮರೆಮಾಡಿ ಕೂತ. ನೀರಿನ ಹನಿ ಬಿಳಿ ಎಸಳಿನ ಮೇಲೆ ಬಿತ್ತು.

ಅಲ್ಲಿಂದ ಮುಂದೆ ಹೆಸರುಗಳು ಬರುತ್ತಲೇ ಹೋದವು. ಚಿನ್ನಪ್ಪ. ಲೂಸಿ. ಮರಿಯ. ಅಂತೋಣಿ. ಕೆಲವರ ಗಂಡಂದಿರು ತಮ್ಮದೇ ಮಗುವಿನ ಹೆಸರನ್ನು ಆಗ ಮೊದಲ ಬಾರಿಗೆ ಕೇಳಿ ಗೋಡೆ ದಾಟಿ ಓಡಿಬಂದರು.

ಬೇವಿನ ಮರದ ಬಲಗಡೆಯ ಮಡಿಯ ಮುಂದೆ ಇನ್ನಾಸಮ್ಮ ಕೋಲೂರಿ ನಿಂತಿದ್ದರು.

"ಹೆಸರು, ಅಜ್ಜಿ?"

"ಗೊತ್ತಿಲ್ಲ ಸ್ವಾಮಿ. ಗಂಡೋ ಹೆಣ್ಣೋ ಅಂತಾನೂ ನಂಗೆ ಹೇಳ್ಲಿಲ್ಲ."

ಎಳೆಯ ಗುರುಗಳಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಅವರು ಓದಿ ಬಂದ ಪ್ರಾರ್ಥನೆಗಳಲ್ಲಿ ಅದಕ್ಕೆ ಜಾಗವಿದ್ದಿರಲಾರದು. ನೀರಿನ ಪಾತ್ರೆ ಹಿಡಿದ ಅವರ ಕೈ ಗಾಳಿಯಲ್ಲೇ ನಿಂತಿತ್ತು. ಅತ್ತೆ ಮುಂದೆ ಬಂದು ಇನ್ನಾಸಮ್ಮನ ತೋಳು ಹಿಡಿದರು.

"ಈಗ ಇಡಕ್ಕ," ಎಂದರು. ಆ ವರ್ಷದಲ್ಲಿ ಅವರ ದನಿ ಅಷ್ಟು ಮೃದುವಾದದ್ದನ್ನು ನಾನು ಕೇಳಿರಲಿಲ್ಲ. "ನಿಧಾನವಾಗಿ ಯೋಚನೆ ಮಾಡು. ಸ್ವಾಮಿ ಕಾಯ್ತಾರೆ."

"ಕಾಯ್ತೀನಿ ಅಮ್ಮ," ಎಂದರು ಗುರುಗಳು.

ಇನ್ನಾಸಮ್ಮ ಕೋಲನ್ನು ಪಕ್ಕಕ್ಕಿಟ್ಟು, ಕಷ್ಟಪಟ್ಟು ನೆಲಕ್ಕೆ ಕೂತರು. ಕಾಣದ ಹೂಗಳ ಮೇಲೆ ಅಂಗೈ ಇಟ್ಟರು. ಬೇವಿನ ನೆರಳು ಮಡಿಯ ಮೇಲೆ ಅಲುಗುತ್ತಿತ್ತು. ಅವರು ಬಾಗಿ, ಮಣ್ಣಿಗೆ ಬಾಯಿ ಹತ್ತಿರ ತಂದು, ಮೆಲ್ಲಗೆ ಒಂದು ಹೆಸರು ಕರೆದರು. ತಲೆ ಓರೆಮಾಡಿ ಕಿವಿಗೊಟ್ಟರು. ಇಲ್ಲವೆಂಬಂತೆ ತಲೆಯಾಡಿಸಿ, ಇನ್ನೊಂದು ಹೆಸರು ಕರೆದರು.